ಹೊಸ ಟರ್ಬೊಗೆ ಮೊದಲ ಆಯಿಲ್: ಸ್ಟಾರ್ಟ್ ಮಾಡುವ ಮೊದಲು ಪ್ರೈಮಿಂಗ್ ಮಾಡುವ ಪೂರ್ತಿ ವಿಧಾನ

ಹೊಸ ಟರ್ಬೊ (ಇಂಜಿನ್‌ಗೆ ಗಾಳಿ ಒತ್ತಿ ಕಳಿಸುವ ಭಾಗ) ಕೆಡಲು ಸಾವಿರಾರು ಕಿಲೋಮೀಟರ್ ಓಡಬೇಕಾಗಿಲ್ಲ. ಮೊದಲ ಸಲ ಸೆಲ್ಫ್ ಹೊಡೆದಾಗಲೇ, ಗಾಡಿ ನಿಂತ ಜಾಗದಿಂದ ಕದಲುವ ಮೊದಲೇ ಕೆಡಬಹುದು. ಕೆಟ್ಟಿದ್ದು ಆಗಲೇ ಗೊತ್ತಾಗುವುದೂ ಇಲ್ಲ. ಬೇರಿಂಗ್ ಮೇಲೆ ಸಣ್ಣದೊಂದು ಗೀರು ಬಿದ್ದಿರುತ್ತದೆ, ಅಷ್ಟೇ. ಕೆಲವು ವಾರ ಕಳೆದ ಮೇಲೆ ಟರ್ಬೊ ಊಳಿಡಲು ಶುರುಮಾಡುತ್ತದೆ, ಸೈಲೆನ್ಸರ್‌ನಲ್ಲಿ ನೀಲಿ ಹೊಗೆ ಕಾಣುತ್ತದೆ. ಆಗ ನಾವು ಪಾರ್ಟ್ ಕೊಟ್ಟವರನ್ನು ಬೈಯುತ್ತೇವೆ.

ನಾನೂ ಹಾಗೇ ಬೈದವನು. ಮೊದಲ ಸಲ ಟರ್ಬೊ ಬದಲಿಸಿದಾಗ ಸಿರಿಂಜಿನಲ್ಲಿ ಆಯಿಲ್ ಹಾಕಿದ್ದೆ, ಚಕ್ರ ತಿರುಗಿಸಿದ್ದೆ, ಎಲ್ಲ ಸರಿಯಾಗಿದೆ ಅಂದುಕೊಂಡಿದ್ದೆ. ಟರ್ಬೊಗೆ ಆಯಿಲ್ ತರುವ ಹಳೇ ಫೀಡ್ ಪೈಪ್ ಹೊರಗಿನಿಂದ ಚೆನ್ನಾಗೇ ಕಂಡಿತು, ಒರೆಸಿ ಅದನ್ನೇ ವಾಪಸ್ ಹಾಕಿದೆ. ಒಂಬತ್ತನೇ ದಿನ ಶಾಫ್ಟ್ ಲಟಲಟ ಅನ್ನತೊಡಗಿತು. ಆಮೇಲೆ ಆ ಪೈಪನ್ನು ಗರಗಸದಲ್ಲಿ ಕೊಯ್ದು ನೋಡಿದರೆ ಒಳಗೋಡೆಗೆ ಇದ್ದಿಲಿನ ಹಾಗೆ ಕರಿ ಕಟ್ಟಿಕೊಂಡಿದೆ, ನಡುವೆ ಒಂದು ಸೂಜಿ ತೂರುವಷ್ಟು ದಾರಿ. ನಾನು ಕೈಯಾರೆ ತುಂಬಿದ ಆಯಿಲ್ ಮುಗಿದ ಮೇಲೆ ಆ ಟರ್ಬೊಗೆ ಸಾಕಾಗುವಷ್ಟು ಆಯಿಲ್ ಹೋಗಿರಲೇ ಇಲ್ಲ.

ಪ್ರೈಮಿಂಗ್‌ನಲ್ಲಿ ಎರಡು ಕೆಲಸ ಇದೆ ಅಂತ ಆವತ್ತು ತಲೆಗೆ ಹೋಯಿತು. ಟರ್ಬೊ ಒಳಗೆ ಕೈಯಿಂದ ಆಯಿಲ್ ತುಂಬುವುದು ಒಂದು. ಇಂಜಿನ್‌ನಿಂದ ಟರ್ಬೊವರೆಗೆ ಆಯಿಲ್ ಬಂದು ತಲುಪುತ್ತಿದೆಯಾ ಅಂತ ಕಣ್ಣಾರೆ ನೋಡುವುದು ಇನ್ನೊಂದು. ಮೊದಲನೆಯದು ಐದು ನಿಮಿಷದ ಕೆಲಸ, ಹೆಚ್ಚಿನವರು ಮಾಡುತ್ತಾರೆ. ಎರಡನೆಯದನ್ನು ಸುಮ್ನೆ ಹಾರಿಸಿಬಿಡುತ್ತಾರೆ.

ಆಯಿಲ್ ಇಲ್ಲದಿದ್ದರೆ ಒಳಗೆ ಏನಾಗುತ್ತದೆ

ಟರ್ಬೊ ಒಳಗೆ ಒಂದೇ ಶಾಫ್ಟ್. ಅದರ ಒಂದು ತುದಿಯ ಚಕ್ರವನ್ನು ಇಂಜಿನ್ನಿನ ಹೊಗೆ ತಿರುಗಿಸುತ್ತದೆ, ಇನ್ನೊಂದು ತುದಿಯ ಚಕ್ರ ಗಾಳಿಯನ್ನು ಒತ್ತಿ ಇಂಜಿನ್‌ಗೆ ಕಳಿಸುತ್ತದೆ. ಕೆಲಸ ಮಾಡುವಾಗ ಈ ಶಾಫ್ಟ್ ನಿಮಿಷಕ್ಕೆ 1,50,000 ಸುತ್ತು ತಿರುಗುವುದು ಮಾಮೂಲಿ, ಸಣ್ಣ ಟರ್ಬೊಗಳು 2,00,000 ಕೂಡ ದಾಟುತ್ತವೆ. 1,50,000 ಅಂದರೆ ಸೆಕೆಂಡಿಗೆ 2,500 ಸುತ್ತು. ಇಷ್ಟು ವೇಗದಲ್ಲಿ ಲೋಹಕ್ಕೆ ಲೋಹ ತಾಗಿದರೆ ಏನೂ ಉಳಿಯುವುದಿಲ್ಲ. ಅದಕ್ಕೇ ಶಾಫ್ಟ್ ಬೇರಿಂಗನ್ನು ಮುಟ್ಟದ ಹಾಗೆ ಆಯಿಲ್ ಪದರದ ಮೇಲೆ ತೇಲುತ್ತಿರುತ್ತದೆ. ಆ ಪದರದ ದಪ್ಪ ಮೈಕ್ರಾನ್ ಲೆಕ್ಕದ್ದು, ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗದ ಲೆಕ್ಕ.

ಆಯಿಲ್‌ಗೆ ಇನ್ನೊಂದು ಕೆಲಸವೂ ಇದೆ, ಬಿಸಿ ಹೊತ್ತೊಯ್ಯುವುದು. ಪೆಟ್ರೋಲ್ ಇಂಜಿನ್ನಿನಲ್ಲಿ ಟರ್ಬೊಗೆ ಬಡಿಯುವ ಹೊಗೆ 900 ಡಿಗ್ರಿ ಸೆಲ್ಸಿಯಸ್ ದಾಟಬಹುದು. ಡೀಸೆಲ್‌ನಲ್ಲಿ ಸ್ವಲ್ಪ ಕಡಿಮೆ.

ಈಗ ಇಂಜಿನ್ ಸ್ಟಾರ್ಟ್ ಆಯಿತು ಅಂದುಕೊಳ್ಳಿ. ಹೊಗೆ ಆ ಕ್ಷಣವೇ ಟರ್ಬೊ ಮುಟ್ಟುತ್ತದೆ, ಶಾಫ್ಟ್ ತಿರುಗತೊಡಗುತ್ತದೆ. ಆಯಿಲ್ ಮಾತ್ರ ಚೇಂಬರ್‌ನಿಂದ (ಇಂಜಿನ್ ಅಡಿಯ ಆಯಿಲ್ ತೊಟ್ಟಿ) ಪಂಪಿಗೆ, ಅಲ್ಲಿಂದ ಫಿಲ್ಟರ್‌ಗೆ, ಇಂಜಿನ್ ಬ್ಲಾಕಿನೊಳಗಿನ ದಾರಿಗಳಿಗೆ, ಕೊನೆಗೆ ಆ ಸಣ್ಣ ಪೈಪಿನೊಳಗೆ ಹತ್ತಿ ಬರಬೇಕು. ನೀವು ಫಿಲ್ಟರ್ ಬೇರೆ ಹೊಸದು ಹಾಕಿದ್ದೀರಿ, ಅದು ಖಾಲಿ. ಪೈಪೂ ಹೊಸದು, ಅದೂ ಖಾಲಿ. ಇವೆಲ್ಲ ತುಂಬಿ ಸರದಿ ಟರ್ಬೊಗೆ ಬರುವಷ್ಟರಲ್ಲಿ ಕೆಲವು ಸೆಕೆಂಡ್ ಹೋಗಿರುತ್ತದೆ. ಸವೆತ ಆಗುವುದು ಆ ಸೆಕೆಂಡುಗಳಲ್ಲಿ.

ಹಳೆಯದು ಯಾಕೆ ಹೋಯಿತು, ಅದನ್ನು ಮೊದಲು ನೋಡಿ

ಟರ್ಬೊ ತಾನಾಗಿ ಸಾಯುವುದು ಕಡಿಮೆ. ಸಾಮಾನ್ಯವಾಗಿ ಅದನ್ನು ಯಾವುದೋ ಒಂದು ಕೊಂದಿರುತ್ತದೆ. ಆ ಕಾರಣ ಗಾಡಿಯಲ್ಲೇ ಉಳಿದರೆ ಹೊಸದಕ್ಕೂ ಅದೇ ಗತಿ. ಆಗ ಎಷ್ಟು ಪ್ರೈಮ್ ಮಾಡಿದರೂ ದಂಡ.

ಹಳೇ ಟರ್ಬೊ ಬಿಚ್ಚಿದ ಮೇಲೆ ಮೂಲೆಗೆ ಎಸೆಯಬೇಡಿ. ಶಾಫ್ಟ್ ಕಾಣುವಂತಿದ್ದರೆ ನೋಡಿ. ನೀಲಿ ಅಥವಾ ಕಪ್ಪು ಬಣ್ಣಕ್ಕೆ ತಿರುಗಿದ್ದರೆ ಆಯಿಲ್ ಸಿಗದೆ ಕಾದಿದೆ. ಮೈಮೇಲೆ ಗೆರೆ ಗೆರೆ ಬಿದ್ದಿದ್ದರೆ ಆಯಿಲ್‌ನಲ್ಲಿ ಕೊಳೆ ಇತ್ತು. ಗಾಳಿ ಚಕ್ರದ ಎಸಳು ಮುರಿದು ಮೊಂಡಾಗಿದ್ದರೆ ಏರ್ ಫಿಲ್ಟರ್ ಕಡೆಯಿಂದ ಏನೋ ಒಳಗೆ ನುಗ್ಗಿದೆ, ಆ ದಾರಿಯನ್ನೆಲ್ಲ ತಡಕಾಡಬೇಕು. ಮುರಿದ ಚೂರು ಇನ್ನೂ ಅಲ್ಲೇ ಎಲ್ಲೋ ಇರುತ್ತದೆ.

ಫೀಡ್ ಪೈಪ್ ಹೊಸದು ಹಾಕಿ. ಇದರಲ್ಲಿ ನನ್ನದು ರಾಜಿ ಇಲ್ಲದ ಮಾತು. ತೊಳೆದು, ಗಾಳಿ ಊದಿ ಹಾಕುತ್ತೇನೆ ಅನ್ನುವವರು ಇದ್ದಾರೆ. ಒಳಗೋಡೆಗೆ ಕಚ್ಚಿಕೊಂಡ ಕರಿ ತೊಳೆದರೆ ಪೂರ್ತಿ ಹೋಗುವುದಿಲ್ಲ. ಅರ್ಧ ಸಡಿಲಾದ ಚೂರು ಆಮೇಲೆ ಕಳಚಿ ನೇರ ಬೇರಿಂಗ್‌ಗೆ ಹೋಗುತ್ತದೆ, ಅದು ಇನ್ನೂ ಕೆಟ್ಟದ್ದು. ಕೆಲವು ಇಂಜಿನ್ನುಗಳಲ್ಲಿ ಈ ಪೈಪಿನ ಬ್ಯಾಂಜೊ ಬೋಲ್ಟ್ (ಪೈಪಿನ ತುದಿ ಬಿಗಿಯುವ, ಆಯಿಲ್ ಹರಿಯುವ ಟೊಳ್ಳು ಬೋಲ್ಟ್) ಒಳಗೆ ಬೆರಳುಗುರಿನಷ್ಟು ಸಣ್ಣ ಜಾಲರಿ ಇರುತ್ತದೆ. ಅದು ಇದೆ ಅಂತಲೇ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಬೋಲ್ಟ್ ಬಿಚ್ಚಿ ಬೆಳಕಿಗೆ ಹಿಡಿಯಿರಿ. ಜಾಲರಿ ಇದ್ದರೆ ಬೋಲ್ಟ್ ಸಮೇತ ಬದಲಿಸಿ.

ಆಯಿಲ್ ಮತ್ತು ಫಿಲ್ಟರ್ ಹೊಸದೇ ಇರಬೇಕು. ಹಳೇ ಟರ್ಬೊ ಒಡೆದು ಹೋಗಿದ್ದರೆ, ಅಥವಾ ಹಳೇ ಆಯಿಲ್ ಡಾಂಬರಿನಂತೆ ಇಳಿದಿದ್ದರೆ ಚೇಂಬರ್ ಬಿಚ್ಚಿ ಸ್ಟ್ರೈನರ್ ಕೂಡ ನೋಡಿ. ಪಂಪ್ ಆಯಿಲ್ ಎಳೆದುಕೊಳ್ಳುವ ಬಾಯಿ ಅದು. ಅಲ್ಲೇ ಕಟ್ಟಿಕೊಂಡಿದ್ದರೆ ಮುಂದಿನದೆಲ್ಲ ವ್ಯರ್ಥ.

ಟರ್ಬೊ ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಬಗ್ಗೆ ಒಂದು ಮಾತು. ಹಳೇ ಟರ್ಬೊ ಆಯಿಲ್ ಉಗುಳಿದ್ದರೆ ಅದು ಇಂಟರ್‌ಕೂಲರ್‌ನಲ್ಲಿ, ಗಾಳಿ ಪೈಪುಗಳಲ್ಲಿ ನಿಂತಿರುತ್ತದೆ. ಡೀಸೆಲ್ ಇಂಜಿನ್ ಅದನ್ನೇ ಇಂಧನದ ಹಾಗೆ ಎಳೆದುಕೊಂಡು, ಕೀ ತೆಗೆದರೂ ನಿಲ್ಲದೆ ಓಡಲು ಶುರುಮಾಡಬಹುದು. ತಮಾಷೆ ಅಲ್ಲ, ಇಂಜಿನ್ ಒಡೆಯುವವರೆಗೂ ಹೋಗುತ್ತದೆ. ಇಂಟರ್‌ಕೂಲರ್ ಬಿಚ್ಚಿ, ತೊಳೆದು, ಒಣಗಿಸಿಯೇ ಹಾಕಿ.

ಹತ್ತಿರ ಇಟ್ಟುಕೊಳ್ಳಬೇಕಾದ್ದು

ಇಂಜಿನ್‌ಗೆ ಹಾಕುವ ಅದೇ ಗ್ರೇಡಿನ ಹೊಸ ಆಯಿಲ್, ಸೂಜಿ ಇಲ್ಲದ ದೊಡ್ಡ ಸಿರಿಂಜ್ ಅಥವಾ ಮೂತಿ ಇರುವ ಆಯಿಲ್ ಕ್ಯಾನ್, ಹೊಸ ಗ್ಯಾಸ್ಕೆಟ್‌ಗಳು, ಬ್ಯಾಂಜೊ ಬೋಲ್ಟಿಗೆ ಹೊಸ ತಾಮ್ರದ ವಾಷರ್‌ಗಳು, ಟಾರ್ಕ್ ರೆಂಚ್, ಒಂದು ಪಾರದರ್ಶಕ ಬಾಟಲಿ, ನಾರು ಬಿಡದ ಬಟ್ಟೆ. ಬನಿಯನ್ ವೇಸ್ಟ್ ಬೇಡ. ಅದರ ಒಂದು ಎಳೆ ಆಯಿಲ್ ತೂತಿಗೆ ಬಿದ್ದರೂ ಸಾಕು, ಕೆಲಸ ಕೆಡುತ್ತದೆ. ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಲಿ, ಮುಂದೆ ಸೆಲ್ಫ್ ಜಾಸ್ತಿ ಹೊಡೆಯುವುದಿದೆ. ಜೊತೆಗೆ ಇನ್ನೊಬ್ಬರು ಇದ್ದರೆ ಒಳ್ಳೆಯದು.

ಗ್ರೀಸ್, ಗೇರ್ ಆಯಿಲ್, ಬಾಟಲಿಯಲ್ಲಿ ಮಾರುವ ಯಾವುದೋ ಟ್ರೀಟ್‌ಮೆಂಟ್ ಇವನ್ನೆಲ್ಲ ಟರ್ಬೊ ಒಳಗೆ ಹಾಕಬೇಡಿ. ದಪ್ಪಗಿದ್ದರೆ ಒಳ್ಳೆಯದಲ್ವಾ ಅನ್ನಿಸಬಹುದು. ಬೇರಿಂಗಿನ ತೂತುಗಳು ಬಹಳ ಸಣ್ಣವು, ದಪ್ಪದ್ದು ಅಲ್ಲೇ ಕೂತುಬಿಡುತ್ತದೆ.

ಬೆಂಚಿನ ಮೇಲೆ: ಮೊದಲ ಆಯಿಲ್

ಹೊಸ ಟರ್ಬೊದ ತೂತುಗಳಿಗೆ ಪ್ಲಾಸ್ಟಿಕ್ ಮುಚ್ಚಳ ಇರುತ್ತದೆ. ಬೇಕಾದ್ದನ್ನು ಬೇಕಾದಾಗ ಮಾತ್ರ ತೆಗೆಯಿರಿ. ತೆಗೆದದ್ದನ್ನು ಒಂದು ಕಡೆ ಸಾಲಾಗಿ ಇಡಿ, ಕೊನೆಗೆ ಎಣಿಸಲು ಬೇಕಾಗುತ್ತದೆ.

ನಡುವಿನ ಭಾಗದಲ್ಲಿ ಮೇಲೆ ಒಂದು ಸಣ್ಣ ತೂತು, ಅದು ಆಯಿಲ್ ಬರುವ ದಾರಿ. ಅದರ ಎದುರಿಗೆ ಕೆಳಗೆ ಅಗಲವಾದ ತೂತು, ಅದು ವಾಪಸ್ ಹೋಗುವ ದಾರಿ. ಕೂಲಂಟ್ ಹರಿಯುವ ಟರ್ಬೊ ಆದರೆ ಪಕ್ಕದಲ್ಲಿ ಇನ್ನೆರಡು ತೂತು ಇರುತ್ತವೆ, ಅಲ್ಲಿ ಆಯಿಲ್ ಹಾಕಬೇಡಿ. ಅನುಮಾನ ಬಂದರೆ ಅಗಲವಾದ ತೂತಿಗೆ ಟಾರ್ಚ್ ಬಿಡಿ. ಸಾಮಾನ್ಯವಾಗಿ ಒಳಗೆ ಶಾಫ್ಟ್ ಹಾದುಹೋಗುವುದು ಕಾಣುತ್ತದೆ. ಅದೇ ವಾಪಸ್ ದಾರಿ. ಹೊಸಬರು ಕೆಲವೊಮ್ಮೆ ಗಾಳಿ ಚಕ್ರ ಇರುವ ದೊಡ್ಡ ಬಾಯಿಗೇ ಆಯಿಲ್ ಸುರಿಯುತ್ತಾರೆ. ಅದು ಬೇರಿಂಗ್‌ಗೆ ಹೋಗುವುದಿಲ್ಲ, ನೇರ ಇಂಟರ್‌ಕೂಲರ್‌ಗೆ ಹೋಗುತ್ತದೆ.

ಆಯಿಲ್ ಹಾಕುವ ಮೊದಲು, ಗಾಳಿ ಚಕ್ರದ ನಡುವಿನ ನಟ್ಟನ್ನು ಎರಡು ಬೆರಳಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಕಟಕಟ ಅಂತ ಸಣ್ಣಗೆ ಅಲ್ಲಾಡುತ್ತದೆ. ಹೊಸದೇ ಹೀಗಿದೆಯಲ್ಲ ಅಂತ ಗಾಬರಿ ಬೇಡ. ಆಯಿಲ್ ಪದರ ಕೂರಲು ಬಿಟ್ಟ ಜಾಗ ಅದು. ಶಾಫ್ಟ್ ಉದ್ದಕ್ಕೆ, ಅಂದರೆ ಹಿಂದೆ ಮುಂದೆ, ಎಳೆದಾಗ ಕೈಗೆ ಗೊತ್ತಾಗುವಷ್ಟು ಆಟ ಇರಬಾರದು. ಇದ್ದರೆ ಕೂರಿಸದೆ ವಾಪಸ್ ಕೊಡಿ.

ಈಗ ಆಯಿಲ್ ತೂತು ಮೇಲಕ್ಕೆ ಬರುವ ಹಾಗೆ ಟರ್ಬೊ ಇಡಿ. ಕೆಳಗೊಂದು ಬಟ್ಟಲು ಇರಲಿ. ಸಿರಿಂಜಿನಿಂದ ನಿಧಾನವಾಗಿ ಆಯಿಲ್ ಬಿಡಿ, ಅದೇ ಹೊತ್ತಿಗೆ ಇನ್ನೊಂದು ಕೈಯಲ್ಲಿ ಚಕ್ರವನ್ನು ನಟ್ಟಿನ ಹತ್ತಿರ ಹಿಡಿದು ತಿರುಗಿಸಿ. ಎಸಳಿನ ಅಂಚು ಮುಟ್ಟಬೇಡಿ, ಸ್ಕ್ರೂಡ್ರೈವರ್‌ನಿಂದ ತಳ್ಳಬೇಡಿ, ಕಂಪ್ರೆಸರ್ ಗಾಳಿ ಊದಿ ಗಿರಗಿರ ತಿರುಗಿಸುವುದಂತೂ ಬೇಡವೇ ಬೇಡ. ಆಯಿಲ್ ಒಮ್ಮೆಲೇ ಒಳಗೆ ಹೋಗುವುದಿಲ್ಲ. ತೂತು ತುಂಬಿ ನಿಲ್ಲುತ್ತದೆ, ಒಂದು ಗುಳ್ಳೆ ಮೇಲೆ ಬಂದು ಒಡೆಯುತ್ತದೆ, ಆಯಿಲ್ ಸ್ವಲ್ಪ ಇಳಿಯುತ್ತದೆ. ಮತ್ತೆ ತುಂಬಿ, ಮತ್ತೆ ತಿರುಗಿಸಿ. ಕೆಳಗಿನ ತೂತಿನಿಂದ ಆಯಿಲ್ ಇಳಿಯುವವರೆಗೂ ಹೀಗೇ ಮಾಡಿ.

ಆಮೇಲೆ ಮತ್ತೊಮ್ಮೆ ಆ ನಟ್ಟು ಹಿಡಿದು ಅಲ್ಲಾಡಿಸಿ. ಕಟಕಟ ಹೋಗಿರುತ್ತದೆ. ಶಾಫ್ಟ್ ಮೆತ್ತಗೆ, ಜೇನುತುಪ್ಪದಲ್ಲಿ ಕಡ್ಡಿ ಆಡಿಸಿದ ಹಾಗೆ ಕದಲುತ್ತದೆ. ಬೆರಳಿಗೆ ಈ ವ್ಯತ್ಯಾಸ ಸಿಕ್ಕಿತು ಅಂದರೆ ಆಯಿಲ್ ಬೇರಿಂಗ್ ಸೇರಿದೆ.

ಕೂರಿಸುವಾಗ

ಬೋಲ್ಟುಗಳ ಟಾರ್ಕ್ (ಎಷ್ಟು ಬಲದಲ್ಲಿ ಬಿಗಿಯಬೇಕು ಅನ್ನುವ ಅಳತೆ) ಗಾಡಿಯ ಸರ್ವೀಸ್ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ, ಅಂದಾಜಿಗೆ ಬಿಗಿಯಬೇಡಿ. ಟರ್ಬೊದ ಒತ್ತಡ ಹಿಡಿತದಲ್ಲಿಡುವ ಆಕ್ಚುಯೇಟರಿನ ರಾಡ್ ಹಿಡಿದು ಟರ್ಬೊ ಎತ್ತಬೇಡಿ. ಅದರ ಅಡ್ಜಸ್ಟ್‌ಮೆಂಟ್ ಸ್ಕ್ರೂ ಕೂಡ ಮುಟ್ಟಬೇಡಿ.

ನಾನು ಇಲ್ಲಿ ಒತ್ತಿ ಹೇಳುವುದು ರಿಟರ್ನ್ ಪೈಪಿನ ಬಗ್ಗೆ. ಆಯಿಲ್ ಒಳಗೆ ಬರುವುದು ಪಂಪಿನ ಒತ್ತಡದಿಂದ. ಹೊರಗೆ ಹೋಗುವಾಗ ಯಾವ ಒತ್ತಡವೂ ಇಲ್ಲ, ಸುಮ್ನೆ ತನ್ನ ಭಾರಕ್ಕೆ ಇಳಿಯುತ್ತದೆ. ಅದಕ್ಕೇ ರಿಟರ್ನ್ ಪೈಪ್ ಅಷ್ಟು ದಪ್ಪ. ಟರ್ಬೊ ಶಾಫ್ಟ್‌ಗೆ ಇರುವುದು ರಬ್ಬರ್ ಸೀಲ್ ಅಲ್ಲ, ಪಿಸ್ಟನ್ ರಿಂಗಿನ ಹಾಗಿರುವ ಸಣ್ಣ ಲೋಹದ ರಿಂಗು. ಕೆಳಗಿನ ದಾರಿ ಸ್ವಲ್ಪ ಕಟ್ಟಿಕೊಂಡರೂ ಆಯಿಲ್ ನಡುವೆ ತುಂಬಿ, ಆ ರಿಂಗು ದಾಟಿ ಎರಡೂ ಕಡೆ ಸೋರುತ್ತದೆ. ನೋಡುವವರಿಗೆ ಟರ್ಬೊನೇ ಕೆಟ್ಟ ಹಾಗೆ ಕಾಣುತ್ತದೆ. ಆದ್ದರಿಂದ ಈ ಪೈಪನ್ನು ಒಳಗಿನಿಂದ ಸ್ವಚ್ಛ ಮಾಡಿ, ಎಲ್ಲೂ ಮಡಚಿಲ್ಲ ಅಂತ ನೋಡಿ. ಗ್ಯಾಸ್ಕೆಟ್‌ಗೆ ಸಿಲಿಕೋನ್ ಪೇಸ್ಟ್ ಬಳಿಯಬೇಡಿ. ಬಿಗಿದಾಗ ಪೇಸ್ಟ್ ಒಳಗಡೆಗೆ ಉಬ್ಬಿ ದಾರಿಗೆ ಅಡ್ಡ ನಿಲ್ಲುತ್ತದೆ. ಫೀಡ್ ಕಡೆಗಂತೂ ಪೇಸ್ಟಿನ ಹೆಸರೂ ಎತ್ತಬೇಡಿ.

ರಿಟರ್ನ್ ಪೈಪ್ ಪೂರ್ತಿ ಜೋಡಿಸಿ. ಫೀಡ್ ಪೈಪನ್ನು ಇಂಜಿನ್ ಕಡೆ ಮಾತ್ರ ಬಿಗಿಯಿರಿ. ಟರ್ಬೊ ಕಡೆ ಈಗಲೇ ಬೇಡ.

ಪೈಪಿನಲ್ಲಿ ಆಯಿಲ್ ಕಾಣುವವರೆಗೆ

ಇಂಜಿನ್‌ಗೆ ಹೊಸ ಆಯಿಲ್ ತುಂಬಿ ಡಿಪ್‌ಸ್ಟಿಕ್ ನೋಡಿ. ಈಗ ಇಂಜಿನ್ ತಿರುಗಬೇಕು, ಆದರೆ ಸ್ಟಾರ್ಟ್ ಆಗಬಾರದು.

ಕೀ ಆಫ್ ಮಾಡಿ, ಇಂಜೆಕ್ಟರ್‌ಗಳ ವೈರ್ ಕನೆಕ್ಟರ್ ಕಳಚಿ. ಪೆಟ್ರೋಲ್ ಇಂಜಿನ್ ಆದರೆ ಇಗ್ನಿಷನ್ ಕಾಯಿಲ್‌ಗಳ ಕನೆಕ್ಟರ್ ಕೂಡ. ಕಾಯಿಲ್ ಮಾತ್ರ ಕಳಚಿದರೆ ಪೆಟ್ರೋಲ್ ಸಿಲಿಂಡರ್‌ಗೆ ಬೀಳುತ್ತಲೇ ಇರುತ್ತದೆ, ಗೋಡೆಯ ಆಯಿಲ್ ತೊಳೆದು ಹಾಕುತ್ತದೆ, ಉಳಿದದ್ದು ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗುತ್ತದೆ. ಕಾಮನ್ ರೇಲ್ ಡೀಸೆಲ್‌ನಲ್ಲಿ (ಎಲ್ಲ ಇಂಜೆಕ್ಟರ್‌ಗಳಿಗೂ ಒಂದೇ ಪೈಪಿನಿಂದ ಭಾರಿ ಒತ್ತಡದ ಇಂಧನ ಕೊಡುವ ಇಂಜಿನ್) ಇಂಧನದ ಪೈಪ್ ಸಡಿಲಿಸುವ ಯೋಚನೆ ಮಾಡಬೇಡಿ. ಅಲ್ಲಿ 1,500 ಬಾರ್ ದಾಟುವ ಒತ್ತಡ ಇರಬಹುದು, ಚರ್ಮ ತೂರಿ ಒಳಗೆ ಹೋಗುತ್ತದೆ. ನಿಮ್ಮ ಗಾಡಿಯ ಮ್ಯಾನ್ಯುಯಲ್ ಬೇರೆ ವಿಧಾನ ಹೇಳಿದರೆ ಅದನ್ನೇ ಅನುಸರಿಸಿ. ಕನೆಕ್ಟರ್ ಕಳಚಿದ್ದಕ್ಕೆ ಇಂಜಿನ್ ಲೈಟ್ ಬಂದರೆ ಆಮೇಲೆ ಸ್ಕ್ಯಾನರ್‌ನಲ್ಲಿ ಅಳಿಸಬಹುದು.

ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಫೀಡ್ ಪೈಪಿನ ತೆರೆದ ತುದಿಯನ್ನು ಬಾಟಲಿಯೊಳಗೆ ಇಡಿ. ಟರ್ಬೊದ ತೂತನ್ನು ಅದರ ಮುಚ್ಚಳದಿಂದಲೇ ಮುಚ್ಚಿ. ಜೊತೆಗಿದ್ದವರಿಗೆ ಸೆಲ್ಫ್ ಹೊಡೆಯಲು ಹೇಳಿ, ಒಂದು ಸಲಕ್ಕೆ 10 ಸೆಕೆಂಡ್, ಜಾಸ್ತಿ ಬೇಡ. ನಂತರ ಅರ್ಧದಿಂದ ಒಂದು ನಿಮಿಷ ಬಿಡಿ, ಸೆಲ್ಫ್ ಮೋಟಾರ್ ತಣಿಯಲಿ. ಮತ್ತೆ 10 ಸೆಕೆಂಡ್.

ಮೊದಲ ಸುತ್ತಿನಲ್ಲಿ ಏನೂ ಬರದಿರಬಹುದು. ಆಮೇಲೆ ಪೈಪಿನೊಳಗೆ ಗಾಳಿ ಉಸಿರು ಬಿಟ್ಟ ಸದ್ದು. ನಂತರ ಬುಳುಕ್ ಬುಳುಕ್ ಅಂತ ನೊರೆ ತುಂಬಿದ ಆಯಿಲ್. ಕೊನೆಗೆ ಗುಳ್ಳೆ ಇಲ್ಲದ, ಕಡಿಯದ ಧಾರೆ. ನಿಮಗೆ ಬೇಕಾದ್ದು ಆ ಧಾರೆ. ಹನಿ ಹನಿ ತೊಟ್ಟಿಕ್ಕಿದರೆ ಸಾಲದು. ಐದಾರು ಸುತ್ತು ಆದರೂ ಹನಿಯಲ್ಲೇ ನಿಂತರೆ ಸೆಲ್ಫ್ ಹೊಡೆಯುವುದು ನಿಲ್ಲಿಸಿ ಕಾರಣ ಹುಡುಕಿ. ಬ್ಯಾಂಜೊ ಬೋಲ್ಟ್, ಫಿಲ್ಟರ್ ಕೂತಿರುವ ರೀತಿ, ಸ್ಟ್ರೈನರ್, ಪಂಪ್, ಈ ಕ್ರಮದಲ್ಲಿ ನೋಡುತ್ತಾ ಹೋಗಿ.

"ಡ್ಯಾಶ್‌ಬೋರ್ಡಿನ ಆಯಿಲ್ ಲೈಟ್ ಆಫ್ ಆದರೆ ಸಾಕಲ್ವಾ?" ಇದನ್ನು ಕೇಳದವರಿಲ್ಲ. ಸಾಲದು. ಆ ಲೈಟಿನ ಸ್ವಿಚ್ ಇರುವುದು ಇಂಜಿನ್ ಬ್ಲಾಕ್ ಕಡೆ, ಟರ್ಬೊ ಮೇಲೆ ಅಲ್ಲ. ಒಂದು ಬಾರ್‌ಗಿಂತ ಕಡಿಮೆ ಒತ್ತಡಕ್ಕೇ ಅದು ಸಾಮಾನ್ಯವಾಗಿ ಆಫ್ ಆಗುತ್ತದೆ. ನನ್ನ ಆ ಮೊದಲ ಟರ್ಬೊ ಸಾಯುತ್ತಿದ್ದ ಒಂಬತ್ತೂ ದಿನ ಆಯಿಲ್ ಲೈಟ್ ಒಮ್ಮೆಯೂ ಹತ್ತಿರಲಿಲ್ಲ.

ಧಾರೆ ಕಂಡ ತಕ್ಷಣ ನಿಲ್ಲಿಸಿ. ಕೂರಿಸುವಾಗ ಟರ್ಬೊ ಓರೆಯಾಗಿ ಒಳಗಿನ ಆಯಿಲ್ ಸ್ವಲ್ಪ ಇಳಿದಿರುತ್ತದೆ, ಹಾಗಾಗಿ ಸಿರಿಂಜಿನಿಂದ ಮತ್ತೆ ತೂತಿನ ಬಾಯಿವರೆಗೆ ತುಂಬಿ. ಹೊಸ ವಾಷರ್ ಹಾಕಿ, ಬ್ಯಾಂಜೊದ ಎರಡೂ ಬದಿಗೆ ಒಂದೊಂದು, ಫೀಡ್ ಪೈಪ್ ಬಿಗಿಯಿರಿ. ಬಾಟಲಿಗೆ ಬಿದ್ದಷ್ಟು ಆಯಿಲನ್ನು ಇಂಜಿನ್‌ಗೆ ಹೊಸದಾಗಿ ಸೇರಿಸಿ. ಇಂಜಿನ್ ಸ್ಟಾರ್ಟ್ ಆಗದ ಹಾಗೇ ಇನ್ನೆರಡು ಸಲ 10 ಸೆಕೆಂಡ್ ಸೆಲ್ಫ್ ಹೊಡೆಯಿರಿ. ಈಗ ಆಯಿಲ್ ಟರ್ಬೊ ಮೂಲಕ ಹರಿದು ಚೇಂಬರ್‌ಗೆ ಇಳಿಯುತ್ತದೆ.

ಬಿಚ್ಚಿಟ್ಟ ಪ್ಲಾಸ್ಟಿಕ್ ಮುಚ್ಚಳಗಳನ್ನು ಎಣಿಸಿ. ಒಂದು ಕಡಿಮೆ ಇದ್ದರೆ ಅದು ಸಿಗುವವರೆಗೆ ಮುಂದೆ ಹೋಗಬೇಡಿ.

ಮೊದಲ ಸ್ಟಾರ್ಟ್

ಗಾಳಿ ಪೈಪ್, ಏರ್ ಫಿಲ್ಟರ್ ಎಲ್ಲ ಜೋಡಿಸಿ. ಟರ್ಬೊ ಬಾಯಿ ತೆರೆದಿಟ್ಟು ಇಂಜಿನ್ ಓಡಿಸಬೇಡಿ. ಬಟ್ಟೆ ಎಳೆದುಕೊಳ್ಳುತ್ತದೆ, ಬೆರಳೂ ಹೋಗಬಹುದು. ಕೂಲಂಟ್ ಇರುವ ಟರ್ಬೊ ಆದರೆ ಕೂಲಂಟ್ ತುಂಬಿ ಗಾಳಿ ತೆಗೆದಿರಿ. ಕೀ ಆಫ್ ಇರುವಾಗಲೇ ಕನೆಕ್ಟರ್‌ಗಳನ್ನು ವಾಪಸ್ ಹಾಕಿ.

ಸ್ಟಾರ್ಟ್ ಮಾಡಿ, ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. 3ರಿಂದ 5 ನಿಮಿಷ ಐಡಲ್‌ನಲ್ಲೇ ಬಿಡಿ. "ಒಂದ್ಸಲ ರೇಸ್ ಮಾಡಿ ಸದ್ದು ಕೇಳೋಣ" ಅಂತ ಪಕ್ಕದಲ್ಲಿ ನಿಂತವರು ಹೇಳುತ್ತಾರೆ. ಕೇಳಬೇಡಿ. ಆಯಿಲ್ ಲೈಟ್ ಕೆಲವು ಸೆಕೆಂಡಿನಲ್ಲಿ ಆಫ್ ಆಗದಿದ್ದರೆ, ಅಥವಾ ಲೋಹ ಉಜ್ಜಿದ ಸದ್ದು ಬಂದರೆ ಆ ಕ್ಷಣವೇ ಇಂಜಿನ್ ನಿಲ್ಲಿಸಿ. ಈ ಹೊತ್ತಿನಲ್ಲಿ ಟಾರ್ಚ್ ಹಿಡಿದು ಫೀಡ್ ಮತ್ತು ರಿಟರ್ನ್ ಜಾಯಿಂಟ್‌ಗಳನ್ನು ನೋಡಿ. ಹೊಗೆ ಹೊರಬರುವ ಬಿಸಿ ಮ್ಯಾನಿಫೋಲ್ಡ್ ಮೇಲೆ ಆಯಿಲ್ ಸೋರಿದರೆ ಬೆಂಕಿ ಹತ್ತಬಹುದು.

ಡೀಸೆಲ್ ಇಂಜಿನ್ ತಾನಾಗಿ ವೇಗ ಏರಿಸಿಕೊಂಡು ಕೀ ತೆಗೆದರೂ ನಿಲ್ಲದಿದ್ದರೆ, ಗಾಳಿ ಬರುವ ಬಾಯಿಯನ್ನು ಗಟ್ಟಿ ಹಲಗೆಯಿಂದ ಮುಚ್ಚಬೇಕು, ಕೈಯಿಂದ ಅಲ್ಲ. ಇಂಟರ್‌ಕೂಲರ್ ತೊಳೆಯದೆ ಬಿಟ್ಟವರು ಅಂಥದ್ದೊಂದು ಹಲಗೆ ಹತ್ತಿರ ಇಟ್ಟುಕೊಂಡೇ ಸ್ಟಾರ್ಟ್ ಮಾಡಲಿ.

ಮೊದಲಿಗೆ ಹೊಗೆ ಬರುತ್ತದೆ. ಕೆಲಸ ಮಾಡುವಾಗ ಮ್ಯಾನಿಫೋಲ್ಡ್ ಮೇಲೆ ಬಿದ್ದ ಆಯಿಲ್ ಸುಡುತ್ತದೆ, ಹಳೇ ಟರ್ಬೊ ಸೈಲೆನ್ಸರ್ ಒಳಗೆ ಉಗುಳಿದ್ದೂ ಸುಡುತ್ತದೆ. ಹೊತ್ತು ಹೋದಂತೆ ಕಡಿಮೆಯಾಗುತ್ತಾ ಬಂದರೆ ಚಿಂತೆ ಇಲ್ಲ. ಒಂದು ಓಟ ಆದ ಮೇಲೂ ನೀಲಿ ಹೊಗೆ ಹಾಗೇ ಇದ್ದರೆ ಹೊಸ ಟರ್ಬೊ ಬಿಚ್ಚಲು ಹೋಗಬೇಡಿ. ಮೊದಲು ರಿಟರ್ನ್ ಪೈಪ್ ನೋಡಿ, ಆಮೇಲೆ ಇಂಜಿನ್ ಬ್ರೀದರ್, ಅಂದರೆ ಚೇಂಬರಿನ ಗಾಳಿ ಹೊರಹೋಗುವ ದಾರಿ. ಚೇಂಬರ್ ಒಳಗೆ ಒತ್ತಡ ಕಟ್ಟಿಕೊಂಡರೂ ಆಯಿಲ್ ಕೆಳಗಿಳಿಯುವುದಿಲ್ಲ.

ಇಂಜಿನ್ ನಿಲ್ಲಿಸಿ 10 ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ. ಫಿಲ್ಟರ್, ಪೈಪ್ ತುಂಬಿಕೊಂಡಷ್ಟು ಕಡಿಮೆ ಆಗಿರುತ್ತದೆ, ಅಷ್ಟು ಸೇರಿಸಿ. ಮ್ಯಾಕ್ಸ್ ಗೆರೆ ದಾಟಿಸಬೇಡಿ.

ಮೊದಲ ಓಟ

ಅರ್ಧ ಗಂಟೆ ಸಮಾಧಾನವಾಗಿ ಓಡಿಸಿ. ಏರು ಇಲ್ಲದ ರಸ್ತೆ, ಕಾಲು ಹಗುರ. ಸ್ಟಾರ್ಟ್-ಸ್ಟಾಪ್ ಬಟನ್ ಇದ್ದರೆ ಆಫ್ ಮಾಡಿ. ವಾಪಸ್ ಬಂದ ಮೇಲೆ ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಟ್ಟು ನಿಲ್ಲಿಸಿ. ಪೂರ್ತಿ ತಣ್ಣಗಾದ ಮೇಲೆ ಜಾಯಿಂಟ್‌ಗಳಲ್ಲಿ ಒದ್ದೆ ಇದೆಯಾ ನೋಡಿ, ಬೋಲ್ಟುಗಳಿಗೆ ಟಾರ್ಕ್ ರೆಂಚ್ ಇಟ್ಟು ನೋಡಿ. ಜೋರಾಗಿ ಸಿಳ್ಳೆ ಕೇಳಿಸಿ ಪಿಕಪ್ ಕಡಿಮೆ ಇದ್ದರೆ ಗಾಳಿ ಪೈಪಿನ ಯಾವುದೋ ಕ್ಲಿಪ್ ಸಡಿಲ ಇರುವ ಸಾಧ್ಯತೆ ಜಾಸ್ತಿ.

ಆಯಿಲ್ ಬದಲಿಸುವುದನ್ನು ಈ ಒಂದು ಸಲ ನಾನು ಬೇಗ ಮಾಡುತ್ತೇನೆ, ಸುಮಾರು 1,000 ಕಿಲೋಮೀಟರಿಗೆ, ಫಿಲ್ಟರ್ ಸಮೇತ. ಹಳೇ ಟರ್ಬೊ ಇಂಜಿನ್ನಿನೊಳಗೆ ಬಿಟ್ಟುಹೋದ ಲೋಹದ ಪುಡಿ ಅಷ್ಟರಲ್ಲಿ ಫಿಲ್ಟರ್ ಸೇರಿರುತ್ತದೆ. ಆ ಫಿಲ್ಟರನ್ನು ಕೊಯ್ದು, ಮಡಿಕೆಗಳನ್ನು ಬಿಸಿಲಿಗೆ ಹಿಡಿದು ನೋಡಿ. ಮಿಣಮಿಣ ಹೊಳೆಯುವ ಪುಡಿ ಕಂಡರೆ ಅದರ ಮುಂದಿನ ಆಯಿಲ್ ಚೇಂಜ್ ಕೂಡ ಬೇಗ ಇಟ್ಟುಕೊಳ್ಳಿ.